ಬಜೆ ತೇಯುವ ಮೊದಲು ಅಜ್ಜಿ ಹೇಳಹೊರಟಿದ್ದು

ಜೌಗೂರು, ಮೂರನೆಯ ಅಟ್ಟಣೆ
ನೀರು ನಿಂತ ನೂರ ಹನ್ನೊಂದನೆಯ ವರ್ಷ, ಎರಡನೆಯ ಆರಿದ್ರಾ ಮಳೆಯ ಮೂವತ್ತೇಳನೆಯ ದಿನ

ಅಜ್ಜಿಯ ಮುಂದೆ ಫೋನ್ ಹಿಡಿದು ಕುಳಿತಿದ್ದ ಹುಡುಗಿಗೆ,

ಮೇಲಿನ ತಾರೀಖು ನೋಡಿ ನಗಬೇಡ. ನಿಮ್ಮ ಕಾಲದಲ್ಲಿ ಒಂದು ಮಳೆ ಹದಿಮೂರು ಹದಿನಾಲ್ಕು ದಿನಕ್ಕೆ ಮುಗಿಯುತ್ತಿತ್ತು, ವರ್ಷಕ್ಕೆ ಒಂದೇ ಆರಿದ್ರಾ ಇರುತ್ತಿತ್ತು ಎಂದು ಓದಿದ್ದೇನೆ. ನಮಗೆ ಎರಡು ಬರುತ್ತವೆ, ಎರಡನೆಯದು ಒಮ್ಮೆ ಬಂದರೆ ಹೋಗುವ ಮಾತೇ ಇಲ್ಲ. ನಿನ್ನ ಲೆಕ್ಕದಲ್ಲಿ ನಾನು ಸುಮಾರು ಇನ್ನೂರು ವರ್ಷ ಮುಂದೆ ಕುಳಿತಿದ್ದೇನೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಹುದುಗುಮನೆಯಲ್ಲಿ ಕುಳಿತು ಕಲಿತವಳು. ಹುದುಗುಮನೆ ಎಂದರೆ ನೀವು ಬಿಟ್ಟುಹೋದ ಬರಹ, ಚಿತ್ರ, ದನಿಗಳನ್ನೆಲ್ಲ ಕೂಡಿಟ್ಟಿರುವ ಕಟ್ಟಡ. ನಮ್ಮ ಊರಿನಲ್ಲಿ ಒದ್ದೆಯಾಗದ ಜಾಗ ಅದೊಂದೇ, ಹಾಗಾಗಿ ಅರ್ಧ ಜನ ಅಲ್ಲಿಗೆ ಬರುವುದು ಓದುವುದಕ್ಕಲ್ಲ, ಕಾಲು ಒಣಗಿಸಿಕೊಳ್ಳುವುದಕ್ಕೆ.

ನನ್ನ ಹೆಸರು ಚಿಕ್ಕೀರವ್ವ. ಕೆಲಸ ಬೇರುಗಾತಿ. ಜೌಗಿನಲ್ಲಿ ಬೆಳೆಯುವ ಗಿಡಗಳಲ್ಲಿ ಯಾವುದರ ಬೇರು ತಿನ್ನಬಹುದು, ಯಾವುದನ್ನು ಮುಟ್ಟಬಾರದು ಎಂದು ನೋಡಿ ಹೇಳುವವಳು. ಮೂವತ್ತೆರಡು ವರ್ಷದಿಂದ ಈ ಅಟ್ಟಣೆಯವರು ನನ್ನ ಮಾತು ಕೇಳಿ ಉಣ್ಣುತ್ತಿದ್ದಾರೆ. ಈ ಪತ್ರವನ್ನು ಹಿಂದಂಚೆಯಲ್ಲಿ ಕಳುಹಿಸುತ್ತಿದ್ದೇನೆ. ಅರವತ್ತು ದಾಟಿದವರಿಗೆ ಹಿಂದಿನ ಕಾಲಕ್ಕೆ ಪತ್ರ ಬರೆಯುವ ಹಕ್ಕು ನಮ್ಮಲ್ಲಿದೆ, ಆದರೆ ಬದುಕಿಗೆ ಒಂದೇ ಒಂದು. ಪತ್ರ ತಲುಪಿದರೂ ಇಲ್ಲಿ ಆದದ್ದು ಆಗದೇ ಹೋಗುವುದಿಲ್ಲ ಎಂದು ಅಂಚೆಯವರು ಮೊದಲೇ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆದರೂ ಜನ ಬರೆಯುತ್ತಾರೆ, ಹೆಚ್ಚಿನವರು ಬೈಯುವುದಕ್ಕೆ. ನೀರು ಕೆಡಿಸಿದ್ದಕ್ಕೆ, ಬಿಸಿಲು ಕೆಡಿಸಿದ್ದಕ್ಕೆ ನಿಮಗೆ ಈಗಾಗಲೇ ಮೂಟೆಗಟ್ಟಲೆ ಬೈಗುಳ ಬಂದಿರಬೇಕು. ನನಗೆ ಅಷ್ಟು ದೊಡ್ಡ ಸಿಟ್ಟಿಲ್ಲ. ನನ್ನ ಸಿಟ್ಟು ನಿನ್ನ ಒಂದು ನಿಮಿಷದ ಮೇಲೆ.

ನೀವು ಒಣಸೀಮೆ ಎನ್ನುತ್ತಿದ್ದ ತುಮಕೂರಿನ ಬಯಲು ಈಗ ಮೊಣಕಾಲುದ್ದ ನೀರು. ಹತ್ತಿಪ್ಪತ್ತು ಮನೆಗಳನ್ನು ಒಟ್ಟಿಗೆ ಕಂಬದ ಮೇಲೆ ಎತ್ತಿ ನಿಲ್ಲಿಸಿದರೆ ಅದೊಂದು ಅಟ್ಟಣೆ. ರಾಗಿ ಬೆಳೆಯುವುದು ತೇಲುಮಡಿಯಲ್ಲಿ, ಅಂದರೆ ಜೊಂಡಿನ ದಪ್ಪ ಚಾಪೆಯ ಮೇಲೆ ಮಣ್ಣು ಹರಡಿ ಮಾಡಿದ ಹೊಲದಲ್ಲಿ. ಗಾಳಿ ಜೋರಾದರೆ ನಮ್ಮ ಹೊಲ ಪಕ್ಕದ ಅಟ್ಟಣೆಯ ಬಾಗಿಲಿಗೆ ಹೋಗಿ ನಿಂತಿರುತ್ತದೆ, ಆಮೇಲೆ ಅವರು ಕಿತ್ತದ್ದು ಕಳೆಯೋ ಪೈರೋ ಎಂದು ಜಗಳ. ಬಟ್ಟೆ ಪೂರ್ತಿ ಒಣಗಿದ್ದನ್ನು ನಾನು ಕಂಡದ್ದು ನನ್ನ ಮದುವೆಯ ದಿನ, ಅದೂ ಮಧ್ಯಾಹ್ನದವರೆಗೆ. ಹಪ್ಪಳ ಎಂಬುದನ್ನು ಚಿತ್ರದಲ್ಲಿ ನೋಡಿದ್ದೇನೆ, ಅದು ಮುರಿಯುವ ಸದ್ದನ್ನು ಕೇಳಿದ್ದೇನೆ. ಕಣ್ಣು ಹಾಯುವಷ್ಟು ದೂರವೂ ಬಜೆಯ ಗಿಡ. ಉದ್ದನೆಯ ಹಸಿರು ಎಲೆ, ಕೆಸರಿನಲ್ಲಿ ಹೆಬ್ಬೆರಳು ದಪ್ಪದ ಗೆಣ್ಣುಗೆಣ್ಣು ಬೇರು, ಮುರಿದರೆ ಮೂಗಿಗೆ ಅಡರುವ ವಾಸನೆ. ನಮ್ಮ ಮೈ, ದೋಣಿ, ದಿಂಬು ಎಲ್ಲವೂ ಅದೇ ವಾಸನೆ. ಹಾಗಿದ್ದೂ ಆ ಬೇರನ್ನು ಏನು ಮಾಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನೀರು ಏರಿದಾಗ ನಮ್ಮ ಹಿರಿಯರು ಬೆಟ್ಟಗಳಿಗೆ ಹೋಗಿ ಮೂರು ತಲೆಮಾರು ಅಲ್ಲಿದ್ದು ಮರಳಿದವರು. ಮುದ್ದೆ ಕಟ್ಟುವುದು ಅವರೊಂದಿಗೆ ಹೋಗಿ ಮರಳಿತು, ಸೋಬಾನೆ ಮರಳಿತು. ಬೆಟ್ಟದ ಮೇಲೆ ಬಜೆ ಇರಲಿಲ್ಲ, ಆದ್ದರಿಂದ ಬಜೆ ತೇಯುವುದು ಮರಳಲಿಲ್ಲ.

ಬೆಟ್ಟದಲ್ಲಿ ಎಳೆಕೂಸುಗಳು ಉಳಿಯುತ್ತಿರಲಿಲ್ಲವಂತೆ. ಆ ಕಾಲದಲ್ಲಿ ಹುಟ್ಟಿದ ಒಂದು ಪದ್ಧತಿ ಇನ್ನೂ ನಮ್ಮ ಕೊರಳಿಗೆ ಜೋತುಬಿದ್ದಿದೆ. ಮಗು ಮೊದಲ ಮಾತು ಆಡುವವರೆಗೆ ಅದಕ್ಕೆ ಹೆಸರಿಡುವಂತಿಲ್ಲ. ಮಾತು ಬಂದ ದಿನ ಅಟ್ಟಣೆಯವರು ಸೇರಿ, ಆಡಿದ ಮಾತು ಯಾವುದು, ಕೇಳಿದವರು ಯಾರು ಎಂದು ಪಟ್ಟಿಯಲ್ಲಿ ಬರೆದು, ಕೆಳಗೆ ಹೆಸರು ಬರೆಯುತ್ತಾರೆ. ನನ್ನ ಮೊದಲ ಮಾತು ಕಪ್ಪೆ, ಕೇಳಿದವಳು ನಮ್ಮಜ್ಜಿ. ನನ್ನ ಮಗಳು ಓಬಳವ್ವನ ಮೊದಲ ಮಾತು 'ಬೇಡ'. ಓಬಳವ್ವನ ಮಗಳಿಗೆ ಹತ್ತೊಂಬತ್ತು ತಿಂಗಳಾದರೂ ಮಾತು ಬರಲಿಲ್ಲ. ನಗುತ್ತಿತ್ತು, ಕೈ ತಟ್ಟುತ್ತಿತ್ತು, ಕರೆದರೆ ತಿರುಗುತ್ತಿತ್ತು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಡವಾಗಿ ಮಾತಾಡುವ ಮಕ್ಕಳು ಎಲ್ಲ ಕಾಲದಲ್ಲೂ ಇರುತ್ತವೆ, ಅದು ನನಗೆ ಗೊತ್ತಿತ್ತು. ಆದರೆ ಎದುರು ಸಿಕ್ಕವರೆಲ್ಲ ಹೆಸರಾಯ್ತಾ, ಹೆಸರಾಯ್ತಾ ಎಂದು ಕೇಳುವಾಗ ಗೊತ್ತಿದ್ದದ್ದು ಕೆಲಸಕ್ಕೆ ಬರುವುದಿಲ್ಲ. ಓಬಳವ್ವ ನೀರಿಗೆ ಹೋಗುವ ದಾರಿಯನ್ನೇ ಬದಲಿಸಿಕೊಂಡಳು.

ಆಗ ನಾನು ಮಾತು ಬರಿಸುವ ಮದ್ದು ಹುಡುಕುತ್ತ ಹುದುಗುಮನೆಗೆ ಹೋದೆ. ಸಿಕ್ಕಿದ್ದು ಬಜೆ. ಬಜೆಯ ಬಗ್ಗೆ ನೀವು ಮಾಡಿದ ವಿಡಿಯೋ ತುಣುಕುಗಳು ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚಿವೆ. ಅರ್ಧದವರು ಹೇಳುತ್ತಾರೆ, ಬಜೆ ತೇದು ನಾಲಿಗೆಗೆ ಹಚ್ಚಿ, ಮಗು ಗಿಳಿಯ ಹಾಗೆ ಮಾತಾಡುತ್ತದೆ, ಅಜ್ಜಿಯರ ಕಾಲದಿಂದ ಕೊಟ್ಟಿದ್ದಾರೆ, ಯಾರಿಗೆ ಏನಾಗಿದೆ? ಉಳಿದರ್ಧದವರು ಹೇಳುತ್ತಾರೆ, ಅದರ ಎಣ್ಣೆ ವಿಷ, ಇಲಿಗಳಿಗೆ ತಿನ್ನಿಸಿ ನೋಡಿದಾಗ ಗಡ್ಡೆಗಳಾದವು, ಕೂಸಿನ ಹತ್ತಿರವೂ ತರಬೇಡಿ. ಕೆಳಗೆ ನೋಡುಗರ ಕಾಳಗ. ಬಜೆಯ ವಿಷಯ ಎರಡು ಸಾಲು, ಒಬ್ಬರ ಮನೆತನವನ್ನು ಇನ್ನೊಬ್ಬರು ಜಾಲಾಡಿದ್ದು ಇಪ್ಪತ್ತು ಸಾಲು. ಎಷ್ಟು ಕೊಡಬೇಕೆಂದು ಕೇಳಿದವರಿಗೆ ಒಬ್ಬರು ಚೂರು ಎಂದಿದ್ದಾರೆ, ಒಬ್ಬರು ಚಿಟಿಕೆ, ಇನ್ನೊಬ್ಬರು ಕಣ್ಣಳತೆ. ಯಾರ ಕಣ್ಣು, ಪುಣ್ಯಾತ್ಮರೇ? ಯಾವ ನೀರಿನಲ್ಲಿ ಬೆಳೆದದ್ದು, ಹಸಿಯದೋ ಒಣಗಿದ್ದೋ, ಕೊಟ್ಟು ಕೆಟ್ಟದ್ದಾದರೆ ಏನು ಕಾಣಿಸುತ್ತದೆ, ಒಂದಕ್ಕೂ ಉತ್ತರವಿಲ್ಲ. ವಿಷ ಎಂದವರಾದರೂ ಬಿಡಿಸಿ ಹೇಳಿದ್ದಾರೆಯೇ ಎಂದರೆ, ಅವರು ಹೆದರಿಸಿ ಎದ್ದುಹೋಗಿದ್ದಾರೆ. ನೀವು ಜಗಳವಾಡಿದ್ದೆಲ್ಲ ನಮಗೆ ಭದ್ರವಾಗಿ ತಲುಪಿದೆ, ಬೇಕಾದದ್ದು ತಲುಪಿಲ್ಲ.

ಆ ರಾಶಿಯಲ್ಲಿ ನಿನ್ನ ತುಣುಕು ಸಿಕ್ಕಿತು. ಮೇಲೆ ಹೀಗೆ ಬರೆದಿದ್ದೀಯ: ಪುಟ್ಟಲಿಂಗಜ್ಜಿಯ ಬಜೆ ಮದ್ದು, ಒಂದೇ ನಿಮಿಷದಲ್ಲಿ. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಾಳೆ. ಸುತ್ತ ಒಳ್ಳೆಯ ಬಿಸಿಲು. ಮುಂದೆ ಸವೆದು ಕನ್ನಡಿಯ ಹಾಗಾದ ಸಾಣೆಕಲ್ಲು, ಒಂದು ಬಟ್ಟಲಲ್ಲಿ ಹಾಲು, ಪಕ್ಕದಲ್ಲಿ ಉರಿಯುವ ಹರಳೆಣ್ಣೆಯ ದೀಪ. ನಿನ್ನ ಮುಖ ಕಾಣುವುದಿಲ್ಲ. ಕಲ್ಲಿನ ಮೇಲೆ ನಿನ್ನ ನೆರಳು, ಆಗಾಗ ಬಳೆ ಸದ್ದು. ಅಜ್ಜಿ ಬೇರನ್ನು ಎತ್ತಿಕೊಂಡು "ನೋಡವ್ವ, ಮೊದ್ಲು ಇದ್ನ..." ಎನ್ನುತ್ತಾಳೆ. ನೀನು ರಾಗ ಎಳೆದು "ಅಜ್ಜಿ, ಸಾಕೂ... ತೇಯೋದು ತೋರ್ಸು" ಎನ್ನುತ್ತೀಯ. ಅಲ್ಲಿ ಚಿತ್ರದಲ್ಲಿ ಒಂದು ಜಿಗಿತ. ಮುಂದಿನ ಕ್ಷಣದಲ್ಲಿ ಅಜ್ಜಿ ತೇಯುತ್ತಿದ್ದಾಳೆ. "ಎಲ್ಡು ಸುತ್ತು ತೇದು, ನಾಲ್ಗೆ ತುದೀಗೆ ಮುಟ್ಟಿಸ್ಬೇಕು ಅಷ್ಟೇಯ" ಎಂದು ಬೊಚ್ಚುಬಾಯಲ್ಲಿ ನಗುತ್ತಾಳೆ. ನಾಲ್ಕು ಸಾವಿರ ತುಣುಕುಗಳಲ್ಲಿ ಒಂದು ಅಳತೆ ಹೇಳಿದವಳು ಇವಳೊಬ್ಬಳೇ ಎಂದು ನನಗೆ ಆನಂದವೋ ಆನಂದ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ಮೂವತ್ತು ಸಲವಾದರೂ ನೋಡಿದೆ. ಅಜ್ಜಿ ನಕ್ಕಾಗಲೆಲ್ಲ ಮಗುವೂ ನಗುತ್ತಿತ್ತು.

ಬೇರು ಕಿತ್ತುಕೊಟ್ಟವನು ಕಾಟಜ್ಜ. ನಮ್ಮ ಅಟ್ಟಣೆಯಲ್ಲಿ ಜೊಂಡು ಕೊಯ್ಯುವವನು, ಎಂಬತ್ತರ ಹತ್ತಿರ, ಹಳೆಯದು ಎಂದರೆ ಸಾಕು, ಪ್ರಾಣ ಬಿಡುವವನು. ನಿಮ್ಮ ತುಣುಕುಗಳನ್ನು ಅವನು ನನಗಿಂತ ಹೆಚ್ಚು ನೋಡಿದ್ದಾನೆ. ಹಸಿ ಬೇರನ್ನು ತೊಳೆದು, ನಮ್ಮ ಕಲ್ಲಿನ ಮೇಲೆ ಹಾಲು ಹನಿಸಿ, ಲೆಕ್ಕವಿಟ್ಟು ಎರಡು ಸುತ್ತು ತೇದು ಮಗುವಿನ ನಾಲಿಗೆಗೆ ಮುಟ್ಟಿಸಿದೆ. ಕಲ್ಲಿನ ಮೇಲೆ ಇಷ್ಟು ಉಳಿದಿದೆಯಲ್ಲ ಎಂದು ಅದನ್ನು ಹಾಲಿನಲ್ಲಿ ತೊಳೆದು ಅದನ್ನೂ ಕುಡಿಸಿದೆ. ಅಜ್ಜಿ ಹಾಗೆ ಮಾಡಿರಲಿಲ್ಲ. ಇದು ನನ್ನದೇ ಕೈಯ ತಪ್ಪು, ಇದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ. ಸ್ವಲ್ಪ ಹೊತ್ತಿಗೆ ಮಗು ವಾಂತಿ ಮಾಡಿತು. ನಾನು ಗಾಬರಿಯಿಂದ ಅದನ್ನು ಎತ್ತಿಕೊಂಡು ಬೆನ್ನು ಸವರತೊಡಗಿದೆ. ಕಾಟಜ್ಜ ಮಾತ್ರ ಹಿಗ್ಗಿ ಹೀರೇಕಾಯಾದ. "ಅಯ್, ಯಾಕವ್ವ ಗಾಬ್ರಿ ಬೀಳ್ತೀಯ? ಕಫ ಕಿತ್ಕೊಂಡು ಬರ್ತೈತೆ. ಮದ್ದು ನಾಟ್ತು ಅನ್ನು" ಎಂದ. ಅವನು ಇದನ್ನು ಸ್ವಂತ ಬುದ್ಧಿಯಿಂದ ಹೇಳಲಿಲ್ಲ. ವಾಂತಿಯಾದರೆ ಹೆದರಬೇಡಿ, ಕಫ ಹೊರಗೆ ಬಂದ ಗುರುತು ಎಂದು ನೀವೇ ನೂರಾರು ತುಣುಕುಗಳಲ್ಲಿ ಹೇಳಿದ್ದೀರಿ. ಮೂವತ್ತೆರಡು ವರ್ಷದ ಬೇರುಗಾತಿ ನಾನು, ಬೇರೆ ಯಾವ ಗಿಡ ತಿಂದು ಯಾರು ಕಾರಿಕೊಂಡರೂ ಮೊದಲು ಗಿಡವನ್ನು ಅನುಮಾನಿಸುವವಳು, ಆವತ್ತು ತಲೆಯಾಡಿಸಿದೆ. ಮದ್ದು ಎಂದು ಮೊದಲೇ ಹೆಸರಿಟ್ಟುಬಿಟ್ಟರೆ ಅದು ಮಾಡುವ ಕೇಡೂ ಗುಣದ ಹಾಗೇ ಕಾಣುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಎರಡು ಸುತ್ತು ಕೊಟ್ಟೆ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಗುವಿನ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕೂಗಿದರೆ ಕಣ್ಣು ತೆರೆಯುತ್ತಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ.

ಮೇಲ್ಗಡ್ಡೆಯ ಆರೈಕೆಮನೆಗೆ ದೋಣಿಯಲ್ಲಿ ಅರ್ಧ ದಿನದ ದಾರಿ. ಓಬಳವ್ವ ಮಗುವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ನಾನೂ ಕಾಟಜ್ಜನೂ ಹುಟ್ಟು ಹಾಕಿದೆವು. ಅಲ್ಲಿಯ ವೈದ್ಯೆ ಮಗುವನ್ನು ಕೈಗೆ ತೆಗೆದುಕೊಳ್ಳುತ್ತಲೇ ಎಷ್ಟು ಕೊಟ್ಟಿರಿ ಎಂದಳು. ಎರಡು ಸುತ್ತು ಎಂದೆ. ಯಾವ ಕಲ್ಲಿನ ಮೇಲೆ ಎಂದಳು. ಆ ಪ್ರಶ್ನೆ ನನ್ನ ತಲೆಗೆ ಹೊಳೆದಿರಲೇ ಇಲ್ಲ. ನಮ್ಮ ಕಲ್ಲು ಕಲ್ಲೇ ಅಲ್ಲ, ಪುಡಿಯನ್ನು ಅಚ್ಚಿಗೆ ಹೊಯ್ದು ಮಾಡಿದ ಒರಟು ಬಿಲ್ಲೆ. ಆಮೇಲೆ ಹುದುಗುಮನೆಯ ಹಳೆಯ ಸಾಣೆಕಲ್ಲೊಂದನ್ನು ಎರವಲು ತಂದು ತೇದು ತೂಗಿ ನೋಡಿದೆ. ನಮ್ಮ ಎರಡು ಸುತ್ತು ಎಂದರೆ ಆ ನುಣುಪು ಕಲ್ಲಿನ ಮೂವತ್ತಾರು ಸುತ್ತು. ಓಬಳವ್ವ ಬಾಯಿ ತೆರೆದದ್ದು ಆರೈಕೆಮನೆಯ ಮೆಟ್ಟಿಲಿನ ಮೇಲೆ. "ಊರ್ಗೆಲ್ಲ ಬೇರು ನೋಡಿ ಹೇಳ್ತೀಯಲ್ಲವ್ವ, ನನ್ ಮಗೀನ ಬಾಯ್ಗೆ ಹಾಕ್ವಾಗ ನಿನ್ ಕಣ್ಣು ಎಲ್ಲಿಗೋಗಿತ್ತು?" ಎಂದಳು. ಹನ್ನೊಂದು ದಿನ ಮಗು ಅಲ್ಲಿತ್ತು. ಅದಕ್ಕೆ ಹೆಸರಿಲ್ಲದ ಕಾರಣ ಮಂಚದ ಮೇಲಿನ ಹಲಗೆಯಲ್ಲಿ ಓಬಳವ್ವನ ಕೂಸು ಎಂದಷ್ಟೇ ಬರೆದಿದ್ದರು. ಅದು ಹೋಗಿಬಿಟ್ಟರೆ ಕರೆದು ಅಳುವುದಕ್ಕೂ ಒಂದು ಹೆಸರಿಲ್ಲವಲ್ಲ ಎಂದು ನಾನು ಆ ಹಲಗೆಗೆ ಬೆನ್ನು ಮಾಡಿ ಕೂರುತ್ತಿದ್ದೆ. ಹನ್ನೆರಡನೆಯ ದಿನ ಮಗು ತಾಯಿಯ ಮೂಗು ಹಿಡಿದು ಎಳೆಯಿತು. ಮನೆಗೆ ಕರೆತಂದೆವು. ಓಬಳವ್ವ ನನ್ನ ಕೈಗೆ ಮಗುವನ್ನು ಕೊಡುವುದನ್ನು ಬಿಟ್ಟಳು.

ಮಾಡಲು ಬೇರೇನೂ ಇಲ್ಲದೆ ನಾನು ಮತ್ತೆ ನಿನ್ನ ತುಣುಕು ನೋಡತೊಡಗಿದೆ. ಈ ಸಲ ಅಜ್ಜಿಯ ಬಾಯಿಯನ್ನು ನೋಡಲಿಲ್ಲ, ಅವಳ ಸುತ್ತ ನೋಡಿದೆ. ಅಷ್ಟು ಬಿಸಿಲಿನಲ್ಲಿ ದೀಪ ಏಕೆ? ನಾನು ಅದನ್ನು ದೇವರ ದೀಪ ಎಂದುಕೊಂಡಿದ್ದೆ. ಜಗಲಿಯ ಮೇಲೆ ದೇವರಿಲ್ಲ, ಹೂವಿಲ್ಲ, ಕುಂಕುಮವಿಲ್ಲ. ಜಿಗಿತದ ಮೊದಲು ಅಜ್ಜಿಯ ಕೈಯಲ್ಲಿರುವ ಬೇರು ಕಂದುಬಣ್ಣದ್ದು. ಜಿಗಿತದ ನಂತರ ಅದರ ತುದಿ ಕಪ್ಪಗಿದೆ, ಅವಳ ಹೆಬ್ಬೆರಳಿಗೆ ಮಸಿ ಅಂಟಿದೆ. ಅಷ್ಟೇ ನೋಡು. ಅವಳು ಬೇರನ್ನು ಮೊದಲು ಆ ದೀಪದಲ್ಲಿ ಸುಟ್ಟಿದ್ದಾಳೆ. ಹೇಳಹೊರಟದ್ದು ಅದನ್ನೇ. ಸುಡುವುದಕ್ಕೆ ಹೊತ್ತು ಹಿಡಿಯುತ್ತದೆ, ನೋಡುವವರಿಗೆ ಬೇಸರ, ನಿನ್ನ ಒಂದು ನಿಮಿಷದಲ್ಲಿ ಅದು ಹಿಡಿಸಲಿಲ್ಲ, ಕತ್ತರಿಸಿದೆ. ನಿಮ್ಮೂರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯವಾಗಿರಬೇಕು. ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ? ಹುದುಗುಮನೆಯಲ್ಲೇ ಜೋರಾಗಿ ಅತ್ತುಬಿಟ್ಟೆ. ಕಾಲು ಒಣಗಿಸಿಕೊಳ್ಳುತ್ತಿದ್ದವರೆಲ್ಲ ಎದ್ದು ಹೋದರು.

ಈಗ ಇದನ್ನು ಗಮನವಿಟ್ಟು ಓದು, ಏಕೆಂದರೆ ಅರ್ಧ ಓದಿ ಅರ್ಧ ಬಿಡುವ ನಿಮ್ಮ ಅಭ್ಯಾಸ ನನಗೆ ಗೊತ್ತು. ಸುಟ್ಟರೆ ಸರಿ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಮೂಸುಪೆಟ್ಟಿಗೆ ಎಂಬ ಸಾಧನವಿದೆ, ಬೇರಿನ ಎಣ್ಣೆಯಲ್ಲಿ ಏನು ಎಷ್ಟಿದೆ ಎಂದು ಮುಳ್ಳು ತೋರಿಸುತ್ತದೆ. ಹಸಿ ಬೇರಿಗೆ ಮುಳ್ಳು ಕೊನೆಗೆ ಹೋಗಿ ಬಡಿಯಿತು. ಸುಟ್ಟ ಬೇರಿಗೆ ಬಹಳ ಇಳಿಯಿತು, ಸೊನ್ನೆಗೆ ಇಳಿಯಲಿಲ್ಲ. ಈ ಮಾತನ್ನು ಎರಡು ಸಲ ಓದು. ಒಂದೇ ಜೌಗಿನ ಬಡಗಣ ದಂಡೆಯ ಬೇರಿಗೂ ತೆಂಕಣ ದಂಡೆಯ ಬೇರಿಗೂ ಅಜಗಜಾಂತರ. ತೆಂಕಣ ದಂಡೆಯ ಕೆಳಗೆ ನಿಮ್ಮ ಕಾಲದ ಯಾವುದೋ ತ್ಯಾಜ್ಯದ ಗುಂಡಿಯಿದೆ, ಅಲ್ಲಿಯ ಬೇರಿನಲ್ಲಿ ಸೀಸವೂ ಇತ್ತು. ಕಾಟಜ್ಜ ಕಿತ್ತು ತಂದದ್ದು ಅಲ್ಲಿಂದಲೇ, ಬೇರು ದಪ್ಪಗಿದೆ ಎಂದು. ನಿಮ್ಮಲ್ಲಿ ವಿಷ ಎಂದು ಕೂಗಿದವರ ಮಾತಿನಲ್ಲಿ ಸತ್ಯವಿತ್ತು. ನಿನ್ನ ಅಜ್ಜಿಯ ಕೈಯಲ್ಲೂ ಒಂದು ಎಚ್ಚರವಿತ್ತು, ಸುಡುವುದು, ನುಣುಪು ಕಲ್ಲು, ಎರಡೇ ಸುತ್ತು, ನಾಲಿಗೆಯ ತುದಿ ಮಾತ್ರ. ಅಷ್ಟು ಎಚ್ಚರ ಏಕೆ ಹುಟ್ಟಿತು ಎಂದು ಯೋಚಿಸಿದ್ದೀಯಾ? ಹಿಂದೆ ಯಾವುದೋ ಕೂಸಿಗೆ ಕೆಟ್ಟದ್ದಾಗದೆ ಅಂಥ ಎಚ್ಚರ ಹುಟ್ಟುವುದಿಲ್ಲ. ಆ ಕೂಸಿನ ಸುದ್ದಿ ಅಜ್ಜಿಗೆ ಗೊತ್ತಿರುತ್ತದೆ. ಕೇಳಿದವರಿಲ್ಲ. ಗಿಳಿಯ ಹಾಗೆ ಮಾತಾಡಿದ ಮಕ್ಕಳ ಕಥೆಯೆಲ್ಲ ಉಳಿಯಿತು, ಕುತ್ತಿಗೆ ನಿಲ್ಲದ ಮಕ್ಕಳನ್ನು ದೃಷ್ಟಿಯಾಯಿತು ಎಂದು ಮುಚ್ಚಿಟ್ಟರು. ಹಳಬರ ಮೇಲೆ ಅಷ್ಟೊಂದು ಅಭಿಮಾನವಿದ್ದ ನಿಮಗೆ ಅವರ ಮಾತು ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ, ಅದೇ ನನ್ನನ್ನು ಉರಿಸುವುದು.

ಈಗ ನಮ್ಮ ಅಟ್ಟಣೆಯಲ್ಲಿ ಬಜೆ ರಾಗಿಯ ಕಣಜಕ್ಕೆ ಹೋಗುತ್ತದೆ, ಹುಳ ಹತ್ತುವುದಿಲ್ಲ. ಮಗುವಿನ ಬಾಯಿಗೆ ಹೋಗುವುದಿಲ್ಲ, ಸುಟ್ಟದ್ದೂ ಹೋಗುವುದಿಲ್ಲ. ನಿಮ್ಮ ತುಣುಕು ನೋಡಿ ಕೆಲವರು ಮಕ್ಕಳ ಕೈಗೆ ಕಟ್ಟಿದ್ದ ಬಜೆ ಮಣಿಯನ್ನೂ ತೆಗೆಸಿದ್ದೇನೆ, ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಚೀಪುತ್ತದೆ. ಕಾಟಜ್ಜ ಒಂದು ತಿಂಗಳು ಮುಖ ಊದಿಸಿಕೊಂಡಿದ್ದ. ಆಮೇಲೆ ತಾನೇ ಬಂದು "ನಂಗೆ ಗೊತ್ತಿರ್ಲಿಲ್ಲ ಕಣವ್ವ" ಎಂದು ತೆಂಕಣ ದಂಡೆಗೆ ಬೇಲಿ ಹಾಕಿದ. ಅಷ್ಟನ್ನು ಬಾಯಿಬಿಟ್ಟು ಹೇಳಿದವರನ್ನು ನಿಮ್ಮ ನಾಲ್ಕು ಸಾವಿರದಲ್ಲಿ ನಾನು ಒಬ್ಬರನ್ನೂ ಕಾಣಲಿಲ್ಲ.

ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ಪುಟ್ಟಲಿಂಗಜ್ಜಿ ಇನ್ನೂ ಇರುತ್ತಾಳೆ. ತುಣುಕಿನ ತಾರೀಖು ನೋಡಿ ಅಂಚೆಯವರಿಗೆ ದಿನ ಹೇಳಿದ್ದೇನೆ. ಹೋಗು. ಫೋನ್ ಬೇಕಾದರೆ ಹಿಡಿದುಕೋ, ನಿಮಿಷ ನೋಡಬೇಡ. ಬೇರು ಯಾವ ಕೆರೆಯದು, ಎಷ್ಟು ದಿನ ಒಣಗಿಸಿದ್ದು, ಎಲ್ಲಿಯವರೆಗೆ ಸುಡುತ್ತಾಳೆ, ಯಾವ ಕೂಸಿಗೆ ಕೊಡುವುದೇ ಇಲ್ಲ ಎಂದು ಕೇಳು. ಕೊಟ್ಟು ಕೆಟ್ಟದ್ದಾದದ್ದು ಎಂದಾದರೂ ಉಂಟೇ ಎಂದು ಕೇಳಿ ಸುಮ್ಮನೆ ಕುಳಿತಿರು, ಆ ಉತ್ತರ ಬೇಗ ಬರುವುದಿಲ್ಲ. ಆಮೇಲೆ ಆ ಬೇರನ್ನು ನಿಮ್ಮಲ್ಲಿ ಎಣ್ಣೆ ಅಳೆಯಬಲ್ಲವರ ಹತ್ತಿರ ಒಯ್ದು, ಅವರು ಹೇಳಿದ್ದನ್ನೂ ಅಜ್ಜಿ ಹೇಳಿದ್ದರ ಪಕ್ಕದಲ್ಲೇ ಬರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆ. ಅಲ್ಲಿಯವರೆಗೆ ಆ ತುಣುಕು ನೋಡಿ ಯಾವ ತಾಯಿಯೂ ನನ್ನಂತೆ ಕಲ್ಲು ತೊಳೆದು ಕುಡಿಸದ ಹಾಗೆ ಅದನ್ನು ತೆಗೆದುಹಾಕು. ಇಷ್ಟೇ ನನ್ನ ಬೇಡಿಕೆ.

ಇನ್ನೊಂದು ಸುದ್ದಿ ಹೇಳಿ ಮುಗಿಸುತ್ತೇನೆ. ಹೋದ ವಾರ ಓಬಳವ್ವ ಅದೆಲ್ಲ ಆದ ಮೇಲೆ ಮೊದಲ ಸಲ ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟು, ಗಂಜಿಯ ಬಟ್ಟಲನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಐದಾರು ಚಮಚ ಕುಡಿದ ಮೇಲೆ ಮಗು ನನ್ನ ಕೈಯನ್ನು ತಳ್ಳಿ "ಸಾಕೂ..." ಎಂದಿತು. ನಿನ್ನದೇ ರಾಗ, ಕೊನೆಯಲ್ಲಿ ನಿನ್ನದೇ ಎಳೆತ. ನನ್ನ ತೊಡೆಯ ಮೇಲೆ ಕುಳಿತು ಮೂವತ್ತು ಸಲ ಕೇಳಿದ್ದನ್ನು ಅಷ್ಟು ದಿನ ಒಳಗೇ ಇಟ್ಟುಕೊಂಡಿತ್ತು. ಓಬಳವ್ವ ಓಡಿಬಂದಳು. ಅಟ್ಟಣೆಯವರು ಸೇರಿದರು. ಪಟ್ಟಿ ಬರೆಯುವವರು ಕೇಳಿದವರು ಯಾರು ಎಂದಾಗ ನಾನು ಗಂಜಿಯ ಬಟ್ಟಲು ತೊಳೆಯಲು ಎದ್ದೆ. ಓಬಳವ್ವನೇ "ನಮ್ಮವ್ವ ಕೇಳಿದ್ದು, ಅವಳ ಹೆಸ್ರೇ ಬರ್ಕಳಿ" ಎಂದಳು. ಮೊಮ್ಮಗಳ ಹೆಸರು ಪುಟ್ಟಲಿಂಗಿ. ಅದನ್ನು ಇಟ್ಟವಳೂ ಓಬಳವ್ವನೇ.

ಅವಳು ಸಾಕು ಎಂದ ಕೂಡಲೇ ನಾನು ಚಮಚ ಕೆಳಗಿಟ್ಟೆ, ಅವಳ ಹೊಟ್ಟೆ ತುಂಬಿತ್ತು. ನೀನು ಸಾಕು ಎಂದಾಗ ನಿನ್ನ ಅಜ್ಜಿಯ ಮಾತು ಇನ್ನೂ ಶುರುವಾಗಿರಲಿಲ್ಲ. ಹೋಗಿ ಅವಳ ಎದುರಿಗೆ ಕೂತುಕೋ.

ಚಿಕ್ಕೀರವ್ವ, ಬೇರುಗಾತಿ